ಎಂ ಅಂದರೆ ಮುಂದೆ

ಇಷ್ಟೆಲ್ಲ ಆದದ್ದು ಒಂದು ಲೋಟ ಪಾಯಸದಿಂದ. ಹೋದ ಚೌತಿಯ ದಿನ ಡೊಂಬಿವಲಿಯ ಕನ್ನಡ ಬಳಗದ ಲ್ಯಾಪ್‌ಟಾಪಿನ ಮೇಲೆ ಯಾರೋ ಶ್ಯಾವಿಗೆ ಪಾಯಸ ಚೆಲ್ಲಿದರು. ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಂದಿನಿಂದ ಅದರ ಮೌಸು ಸತ್ತಿತು. ಹೊರಗಿನಿಂದ ಬೇರೆ ತಂದು ಸಿಕ್ಕಿಸಿದರೆ ಅದಕ್ಕೂ ಜೀವ ಬರಲಿಲ್ಲ. ಮೊದಲೇ ವಯಸ್ಸಾದ ಯಂತ್ರ. ಒಂದು ಫೋಟೋ ತೆರೆಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು.

ಸಾನಪಾಡಾದ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಲತೀಶ್ ಕನಿಕರಪಟ್ಟು ಅದರೊಳಗಿದ್ದುದನ್ನೆಲ್ಲ ತೆಗೆದು ಲಿನಕ್ಸ್ ಹಾಕಿಕೊಟ್ಟ. ಫೋಟೋ ನೋಡಲು ಒಂದು ಪುಟ್ಟ ಪ್ರೋಗ್ರಾಮನ್ನೂ ಹಾಕಿದ. ಅದಕ್ಕೆ ಮೌಸು ಬೇಡ, ಬಟನ್ನು ಬೇಡ, ಚಿತ್ರವಿಚಿತ್ರ ಕಿಟಕಿಗಳು ಬೇಡ. ಕಪ್ಪು ಪರದೆಯಲ್ಲಿ ಅದರ ಹೆಸರು ಟೈಪ್ ಮಾಡಿದರೆ ಫೋಟೋ ಪರದೆ ತುಂಬ ಬಂದು ನಿಲ್ಲುತ್ತದೆ. ಮುಂದಿನದೆಲ್ಲ ಕೀಲಿಗಳಲ್ಲೇ. ‘ಹಗುರ ಅಂದ್ರೆ ಹತ್ತಿ ಹಾಗೆ’ ಎಂದು ಲತೀಶ್ ಹೇಳಿದ್ದ. ಬಳಗದವರು ತಲೆದೂಗಿ, ಲ್ಯಾಪ್‌ಟಾಪನ್ನು ಮಡಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ಆ ಬೀಗ ಮತ್ತೆ ತೆರೆದದ್ದು ಮೋಹನದಾಸಣ್ಣ ತೀರಿಕೊಂಡಾಗ.

ಮೋಹನದಾಸಣ್ಣನ ಹೋಟೆಲು ಸ್ಟೇಷನ್ನಿನ ಪೂರ್ವಕ್ಕೆ, ತರಕಾರಿ ಗಾಡಿಗಳ ಸಾಲಿನಲ್ಲಿತ್ತು. ಗಲ್ಲಾದಲ್ಲಿ ಕುಳಿತ ಅವರ ಮುಖ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರ ಮುಖದಂತೆ. ಅವರು ನಕ್ಕದ್ದನ್ನು ಡೊಂಬಿವಲಿಯಲ್ಲಿ ಕಂಡವರಿರಲಿಲ್ಲ. ಆದರೆ ಜಯಶೀಲ ಹೊಸದಾಗಿ ಈ ಊರಿಗೆ ಬಂದು, ರೂಮಿನಲ್ಲಿ ಒಬ್ಬನೇ ಜ್ವರದಿಂದ ಮಲಗಿದ್ದಾಗ, ಹೋಟೆಲಿನಿಂದ ಗಂಜಿ, ಉಪ್ಪಿನಕಾಯಿ ಬರುತ್ತಿತ್ತು. ಅವನು ಹೇಳಿ ಕಳಿಸಿರಲಿಲ್ಲ. ಊಟಕ್ಕೆ ಬಾರದವನನ್ನು ಆ ಸಾಕ್ಷಿಯ ಮುಖ ಗಮನಿಸಿತ್ತು, ಅಷ್ಟೇ.

ಮೋಹನದಾಸಣ್ಣ ಊರಿಗೆ ಹೋದವರು ಅಲ್ಲೇ ಎದೆನೋವಿನಿಂದ ಹೋಗಿಬಿಟ್ಟರು. ಉತ್ತರಕ್ರಿಯೆಯ ಬೊಜ್ಜವೂ ಕಾರ್ಕಳದ ಕಡೆಯ ಮನೆಯಲ್ಲೇ ಮುಗಿಯಿತು. ಇಲ್ಲಿಯವರಿಗೆ ಕೊನೆಯ ಸಲ ಮುಖ ನೋಡಲೂ ಸಿಗಲಿಲ್ಲ. ಅವರ ಹೆಂಡತಿ ದ್ರೌಪದಿಯಕ್ಕ ಮರಳಿ ಬಂದ ಮೇಲೆ ಭಾನುವಾರ ಸಂಜೆ ಬಳಗದ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಎಂದು ನಿಶ್ಚಯವಾಯಿತು. ಪರದೆಯ ಮೇಲೆ ಫೋಟೋ ತೋರಿಸುವ ಕೆಲಸ ಜಯಶೀಲನ ಪಾಲಿಗೆ ಬಂತು. ಅವನು ಠಾಣೆಯ ಕೊರಿಯರ್ ಆಫೀಸಿನ ಗುಮಾಸ್ತ; ಕಂಪ್ಯೂಟರಿನಲ್ಲಿ ಪಾರ್ಸೆಲ್ ನಂಬರು ಹೊಡೆಯುತ್ತಾನೆ. ಬಳಗದ ದೃಷ್ಟಿಯಲ್ಲಿ ಅಷ್ಟು ವಿದ್ಯೆ ಧಾರಾಳ ಸಾಕು.

ಶನಿವಾರ ದ್ರೌಪದಿಯಕ್ಕ ಅವನನ್ನು ಕರೆದು ಹೇಳಿದರು, “ಜಯಶೀಲಾ, ಒಂದು ಉಪಕಾರ ಆಗ್ಬೇಕಿತ್ತು. ಮನೆಯಲ್ಲಿರುವ ಫೋಟೋ ಎಲ್ಲ ಪಾಸ್‌ಪೋರ್ಟಿನ ಮುಖವೇ. ಅವರು ನಗ್ತಾ ಇರುವುದು ಬಳಗದ ಫೋಟೋಗಳಲ್ಲಿ ಒಂದಾದರೂ ಇದ್ದೀತು. ಹುಡುಕಿ ಕೊಡ್ತೀಯಾ?”

“ಖಂಡಿತ ಅಕ್ಕ.”

“ನನ್ನ ಹತ್ತಿರ ನಗ್ತಿದ್ರು ಮಾರಾಯ. ಆದ್ರೆ ಈಗ ಕಣ್ಣು ಮುಚ್ಚಿದ್ರೆ ಮೂಗಿಗೆ ಹತ್ತಿ ಇಟ್ಟ ಮುಖ ಮಾತ್ರ ಕಾಣ್ತದೆ. ಆ ನಗು ಹೇಗಿತ್ತು ಅಂತಲೇ ನೆನಪಾಗುವುದಿಲ್ಲ.”

ಆ ರಾತ್ರಿ ಜಯಶೀಲನಿಗೆ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಹಾಲಿಗೆ ಹೋಗಿ, ಕಪ್ಪು ಪರದೆಯ ಎದುರು ಕುಳಿತು ಲತೀಶನಿಗೆ ಫೋನು ಹಚ್ಚಿದ. ಲತೀಶ್ ಭಾನುವಾರದ ಪಾಳಿಯಲ್ಲಿ ಆಫೀಸಿನಲ್ಲಿದ್ದ.

“ಲತೀಶ್, ಪರದೆ ಅಮಾವಾಸ್ಯೆ ಆಗಿ ಕೂತಿದೆಯಲ್ಲ. ಹಾಳಾಯ್ತಾ?”

“ಇಲ್ಲ ಅಂಕಲ್, ಅದು ಇರೋದೇ ಹಾಗೆ. ಟೆನ್ಶನ್ ನಹೀ ಲೇನೇಕಾ. ನಾನು ಹೇಳೋದು ಟೈಪ್ ಮಾಡಿ.”

ಟೈಪ್ ಮಾಡಿ ಎಂಟರ್ ಒತ್ತಿದ್ದೇ ತಡ, ಬಳಗದ ಹಳೆಯ ಪಿಕ್ನಿಕ್ಕಿನ ಫೋಟೋ ಪರದೆಯ ತುಂಬ ಧಿಗ್ಗನೆ ಎದ್ದು ನಿಂತಿತು. ಜಯಶೀಲ ಬೆಚ್ಚಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

ಆಮೇಲೆ ಲತೀಶ್ ಹೇಳಿದ್ದು ಇದು: ಸುಮ್ಮನೆ ಮುಂದಿನ ಫೋಟೋ ನೋಡಲು ಎನ್ ಒತ್ತಬೇಕು. ಸಂಜೆ ತೋರಿಸಬೇಕಾದ ಫೋಟೋ ಕಂಡರೆ ಎಂ ಒತ್ತಬೇಕು. ಅದಕ್ಕೆ ಗುರುತು ಹಾಕಿ ಪ್ರೋಗ್ರಾಮು ತಾನೇ ಮುಂದೆ ಹೋಗುತ್ತದೆ. ಮುಗಿದ ಮೇಲೆ ಕ್ಯೂ. ಸಂಜೆ ‘ಸಭೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಗುರುತು ಹಾಕಿದ ಫೋಟೋಗಳು ಒಂದಾದ ಮೇಲೊಂದು ಬರುತ್ತವೆ.

ಅದೇ ಹೊತ್ತಿಗೆ ಮಹಿಳಾ ವಿಭಾಗದ ಜಯಲತಕ್ಕ ಕಬ್ಬಿಣದ ಕುರ್ಚಿಗಳನ್ನು ಹಾಲಿನ ಆ ತುದಿಯಿಂದ ಈ ತುದಿಗೆ ಎಳೆಯುತ್ತಿದ್ದರು. ಹಾಗಾಗಿ ಜಯಶೀಲನಿಗೆ ಕೇಳಿಸಿದ್ದು ಇಷ್ಟು: “...ಎಂ ಒತ್ತಬೇಕು... ಮುಂದೆ ಹೋಗುತ್ತದೆ... ಮುಗಿದ ಮೇಲೆ ಕ್ಯೂ... ಸಭೆ.”

‘ಎಂ ಅಂದರೆ ಮುಂದೆ’ ಎಂದುಕೊಂಡ. ಒತ್ತಿ ನೋಡಿದ. ಫೋಟೋ ಮುಂದೆ ಹೋಯಿತು. ಅವನಿಗೆ ಹೆಮ್ಮೆಯೆನಿಸಿತು. ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲವೂ ಇಂಗ್ಲಿಷು. ಇಲ್ಲಿ ನೋಡಿದರೆ ‘ಮ’ ಒತ್ತಿದರೆ ಮುಂದೆ! ಇದನ್ನು ಬರೆದವನು ಯಾರೋ ನಮ್ಮ ಕಡೆಯವನೇ ಇರಬೇಕು.

ಜಯಲತಕ್ಕ ಕುರ್ಚಿ ಬಿಟ್ಟು ಬಂದು ಅವನ ಹೆಗಲ ಹಿಂದೆ ನಿಂತರು. ಕಾರ್ಯದರ್ಶಿ ವಸಂತಕುಮಾರರು ಇನ್ನೊಂದು ಹೆಗಲ ಹಿಂದೆ ನಿಂತರು.

ಮೊದಲು ಬಂದದ್ದು ವಾರ್ಷಿಕೋತ್ಸವದ ವೇದಿಕೆ. ಅತಿಥಿಗಳು ಭಾಷಣ ಮಾಡುತ್ತಿದ್ದಾರೆ. ಪಕ್ಕದಲ್ಲಿ ವಸಂತಕುಮಾರರು ಬಾಯಿ ತೆರೆದು ನಿದ್ರಿಸುತ್ತಿದ್ದಾರೆ.

“ಮುಂದೆ, ಮುಂದೆ!” ಎಂದರು ವಸಂತಕುಮಾರರು. “ಇದರಲ್ಲಿ ಮೋಹನದಾಸ ಎಲ್ಲಿದ್ದಾನೆ?”

ಜಯಶೀಲ ಎಂ ಒತ್ತಿದ.

ಊಟದ ಪಂಕ್ತಿ. ಜಯಲತಕ್ಕ ಪ್ಲಾಸ್ಟಿಕ್ ಚೀಲಕ್ಕೆ ಲಡ್ಡು ತುಂಬುತ್ತಿದ್ದಾರೆ. ಚೀಲ ಆರು ತಿಂಗಳ ಮಗುವಿನಂತೆ ಉಬ್ಬಿದೆ.

“ಅಯ್ಯ, ಇದನ್ನು ಎಂತಕ್ಕೆ ಇಟ್ಕೊಂಡಿದ್ದೀರಿ! ಅದು ಬಾರದವರ ಮನೆಗೆ ಕೊಡ್ಲಿಕ್ಕೆ ತೆಗೆದದ್ದು. ಮುಂದೆ ಹೋಗು ಜಯಶೀಲ!”

ಎಂ.

ಯಕ್ಷಗಾನದ ದಿನ ಅಂಗಳದಲ್ಲಿ ಕಿರೀಟ ಜಾರಿದ ಭೀಮ. ಎಂ. ಲೆಮನ್-ಸ್ಪೂನ್ ಓಟದಲ್ಲಿ ನಿಂಬೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ ಬಳಗದ ಅಧ್ಯಕ್ಷರು. ಎಂ. ಬೇಡವಾದ ಮುಖಗಳೆಲ್ಲ ಹೀಗೆ ಮುಂದೆ ಮುಂದೆ ಹೋದವು. ಮೋಹನದಾಸಣ್ಣ ಮಾತ್ರ ಎಲ್ಲೂ ನೇರವಾಗಿ ಸಿಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಜಯಶೀಲನ ಬೆರಳು ಮರಗಟ್ಟಿತು. ಅಕ್ಕನಿಗೆ ಏನೆಂದು ಹೇಳುವುದು?

ಆಗ ಬಂತು ಆ ಫೋಟೋ. ಹೋಟೆಲಿನ ಗಲ್ಲಾ. ಹಿಂದೆ ಹೂ ಮುಡಿಸಿದ ದೇವರ ಪಟ. ಅದೇ ದಪ್ಪ ಮೀಸೆ, ಅದೇ ಅಗಲ ಹಣೆ. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಗೆರೆಯಾಗುವಷ್ಟು ನಗು.

ಮೂವರೂ ಪರದೆಯ ಹತ್ತಿರಕ್ಕೆ ಬಾಗಿದರು.

“ನಕ್ಕರೆ ಹೀಗೆ ಕಾಣ್ತಿದ್ದನಾ ಮೋಹನದಾಸ!” ಎಂದರು ವಸಂತಕುಮಾರರು ಮೆಲ್ಲಗೆ.

“ಗುರುತೇ ಸಿಗುವುದಿಲ್ಲ ನೋಡಿ,” ಎಂದು ಜಯಲತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಜಯಶೀಲ ಮುಂದೆ ಹೋಗಲಿಲ್ಲ. ಆ ಫೋಟೋದ ಫೈಲಿನ ಹೆಸರನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಕ್ಯೂ ಒತ್ತಿದ. ನಿಂತ ಫೋಟೋವೇ ಆಯ್ಕೆಯಾಗುತ್ತದೆಂದು ಅವನ ನಂಬಿಕೆ. ಕ್ಯೂನಲ್ಲಿ ನಿಂತವನಿಗೆ ತಾನೇ ಟಿಕೆಟು ಸಿಗುವುದು?

ಸಂಜೆ ಹಾಲು ತುಂಬಿತು. ನಗುವ ಫೋಟೋ ಸಿಕ್ಕಿದೆಯೆಂದು ಜಯಶೀಲನಿಂದ ಕೇಳಿದ್ದ ದ್ರೌಪದಿಯಕ್ಕ ಮುಂದಿನ ಸಾಲಿನಲ್ಲಿ ಕೈಮೇಲೆ ಕೈಯಿಟ್ಟು ಕುಳಿತಿದ್ದರು. “ಮೈದುನ ವಾಸು ಬರ್ತೇನೆ ಅಂದಿದ್ದಾರೆ, ಕಳಂಬೋಲಿಯಿಂದ. ಈವತ್ತು ರೈಲಿನ ಮೆಗಾ ಬ್ಲಾಕ್ ಅಲ್ವಾ, ಅರ್ಧ ಲೋಕಲ್ ಬಂದ್, ಗಾಡಿ ಸಿಗಲಿಲ್ಲವೋ ಏನೋ,” ಎಂದು ಪಕ್ಕದವರಿಗೆ ಹೇಳುತ್ತಿದ್ದರು. ವಾಸುವನ್ನು ಬಳಗದವರು ಯಾರೂ ಕಂಡಿರಲಿಲ್ಲ. ಕಬ್ಬಿಣದ ವ್ಯಾಪಾರದಲ್ಲಿದ್ದ ಅವರು ಡೊಂಬಿವಲಿಗೆ ಬರುತ್ತಿದ್ದುದೇ ಅಪರೂಪ.

ಕಾಯುವಷ್ಟು ಕಾದು, ಪ್ರೊಜೆಕ್ಟರ್ ಹಚ್ಚಿ ದೀಪ ಆರಿಸಿದರು. ಜಯಶೀಲ ‘ಸಭೆ’ ಟೈಪ್ ಮಾಡಿ, ಮನಸ್ಸಿನಲ್ಲೇ ಕೈಮುಗಿದು, ಎಂಟರ್ ಒತ್ತಿದ.

ಮೊದಲು ಪಿಕ್ನಿಕ್ಕಿನ ಫೋಟೋ ಬಂತು; ಬೆಳಗಿನಂತೆಯೇ ಎಂ ಒತ್ತಿದ. ಪರದೆಯ ಮೇಲೆ ವಸಂತಕುಮಾರರು ಬಾಯಿ ತೆರೆದು ನಿದ್ರಿಸುತ್ತಿದ್ದರು, ಆನೆಯ ಗಾತ್ರದಲ್ಲಿ.

ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಜಯಶೀಲ ಗಾಬರಿಯಲ್ಲಿ ಎಂ ಒತ್ತಿದ. ಲಡ್ಡಿನ ಚೀಲ ಬಂತು.

“ಜಯಶೀಲಾ!” ಎಂಬ ಹೆಣ್ಣು ದನಿ ಕುಕ್ಕರಿನಿಂದ ಬಂದ ಹಬೆಯಂತೆ ಚುಯ್ಯೆಂದಿತು.

ಮತ್ತೆ ಎಂ. ಕಿರೀಟ ಜಾರಿದ ಭೀಮ. ಎಂ. ನಿಂಬೆಹಣ್ಣಿನ ಮೇಲೆ ಅಧ್ಯಕ್ಷರ ಹೆಬ್ಬೆರಳು. ಅವನು ಒತ್ತಿದಷ್ಟೂ ಬಳಗದ ಮಾನ ವೇಗವಾಗಿ ಹೋಗುತ್ತಿತ್ತು. ಅಧ್ಯಕ್ಷರು ಎದ್ದು ನಿಂತು, “ಇದು ಶ್ರದ್ಧಾಂಜಲಿಯೋ, ನಮ್ಮ ಮರ್ಯಾದೆಯ ತಿಥಿಯೋ?” ಎಂದು ಕೇಳಿದರು. ಲತೀಶನಿಗೆ ಫೋನು ಹಚ್ಚಿದರೆ ಅವನು ಲೋಕಲ್ಲಿನಲ್ಲಿ ಪಾರಸಿಕ್ ಸುರಂಗದೊಳಗಿದ್ದನೋ ಏನೋ, ಸಂಪರ್ಕವೇ ಇಲ್ಲ.

ಫೋಟೋಗಳು ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಬರತೊಡಗಿದವು. “ಸ್ವಲ್ಪ ನಿಲ್ಲಿಸು ಮಾರಾಯ,” ಎಂದರು ದ್ರೌಪದಿಯಕ್ಕ.

ಜಯಶೀಲ ಕೀಲಿಯಿಂದ ಕೈ ತೆಗೆದ.

“ಅಗೋ, ಆ ಕೊನೆಯಲ್ಲಿ ಬಿಳಿ ತೋಳು ಕಾಣ್ತದಲ್ಲ, ಅದು ಇವರೇ.”

ಎಲ್ಲರೂ ಕಣ್ಣು ಕಿರಿದು ಮಾಡಿ ನೋಡಿದರು. ನಿದ್ರಿಸುವ ವಸಂತಕುಮಾರರ ಹಿಂದೆ, ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಮೋಹನದಾಸಣ್ಣ, ಟೇಬಲ್ ಫ್ಯಾನನ್ನು ಅವರ ಕಡೆಗೆ ತಿರುಗಿಸುತ್ತಿದ್ದರು. ಆಮೇಲೆ ಪಂಕ್ತಿಯ ಫೋಟೋ ಬಂತು. ಜಯಲತಕ್ಕ ಲಡ್ಡು ತುಂಬಲು ಅನುಕೂಲವಾಗಲೆಂದು ಚೀಲದ ಬಾಯಿ ಅಗಲಿಸಿ ಹಿಡಿದಿದ್ದ ಎರಡು ಕೈಗಳು, ಮೇಲೆ ಅದೇ ಸಾಕ್ಷಿಯ ಮುಖದ ಅರ್ಧ. ಭೀಮನ ಕಿರೀಟ ನೆಲಕ್ಕೆ ಬೀಳದಂತೆ ಅಡ್ಡ ಬಂದಿದ್ದ ಕೈಯೂ ಅವರದೇ. ಬೆಳಿಗ್ಗೆ ಮೂವರೂ ತಂತಮ್ಮ ಮುಖ ನೋಡಿಕೊಂಡಿದ್ದರೇ ಹೊರತು ಅಂಚಿಗೆ ಕಣ್ಣು ಹಾಯಿಸಿರಲಿಲ್ಲ.

ವಸಂತಕುಮಾರರು ಮೂಗು ಸೀಟಿಕೊಂಡರು. ದ್ರೌಪದಿಯಕ್ಕ ಕನ್ನಡಕ ತೆಗೆದು ಕಣ್ಣೊರೆಸುತ್ತ, “ನಗುವುದೂ ಒಂದು ಸಿಕ್ಕಿದೆ ಅಂದಿದ್ದೆಯಲ್ಲ?” ಎಂದರು.

ಜಯಶೀಲ ಅಂಗೈ ನೋಡಿಕೊಂಡ. ಬೆವರಿನಲ್ಲಿ ಅಕ್ಷರಗಳು ಕದಡಿದ್ದರೂ ಓದಬಹುದಿತ್ತು. ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದ. ಪರದೆ ಕಪ್ಪಾಗಿ, ಮರುಕ್ಷಣ ಆ ದೊಡ್ಡ ನಗು ಗೋಡೆ ತುಂಬ ಅರಳಿತು. ಸಭೆಯೆಲ್ಲ ‘ಆಹಾ’ ಎಂದು ಉಸಿರುಬಿಟ್ಟಿತು.

“ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ,” ಎಂದು ವಸಂತಕುಮಾರರು ಹೇಳಿ, ಪರದೆಯ ಅಡಿಗೆ ಮಲ್ಲಿಗೆಯ ಹಾರವಿಟ್ಟರು. ಎಲ್ಲರೂ ತಲೆ ತಗ್ಗಿಸಿದರು.

ಬಾಗಿಲು ಕಿರ್ರೆಂದಿತು. ಕೈಯಲ್ಲಿ ಬ್ಯಾಗು ಹಿಡಿದ ದಪ್ಪ ಮೀಸೆಯ ಮನುಷ್ಯರೊಬ್ಬರು ಒಳಗೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟರು. ಪರದೆ ನೋಡಿದರು. ತಲೆ ತಗ್ಗಿಸಿದ ಜನರನ್ನು ನೋಡಿದರು. ಕೊನೆಗೆ ಹಾರ ನೋಡಿದರು.

“ಕಳಂಬೋಲಿಯಿಂದ ಬರುವಾಗ ಸ್ವಲ್ಪ ತಡ ಆಯ್ತು, ಒಪ್ತೇನೆ,” ಎಂದರು. “ಅದಕ್ಕೆ ಇಷ್ಟು ಮಾಡ್ಬೇಕಿತ್ತಾ?”

ತಲೆಗಳೆಲ್ಲ ಒಮ್ಮೆಗೇ ಎದ್ದವು. ಪರದೆಯಿಂದ ಬಾಗಿಲಿಗೆ, ಬಾಗಿಲಿನಿಂದ ಪರದೆಗೆ ತಿರುಗಿದವು. ದ್ರೌಪದಿಯಕ್ಕ ಕನ್ನಡಕ ಹಾಕಿಕೊಂಡು ನೋಡಿ, “ಅಯ್ಯೋ ದೇವರೇ! ಇದು ವಾಸು ಅಲ್ವಾ!” ಎಂದು ಎದೆಯ ಮೇಲೆ ಕೈಯಿಟ್ಟರು. “ಹಾರ ತೆಗೀರಿ, ಮೊದಲು ಹಾರ ತೆಗೀರಿ!”

ವಸಂತಕುಮಾರರು ಹಾರವನ್ನು ತೆಗೆದು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ಜಯಶೀಲನಿಗೆ ಲ್ಯಾಪ್‌ಟಾಪಿನೊಳಗೆ ಇಳಿದು ಮುಚ್ಚಳ ಎಳೆದುಕೊಳ್ಳೋಣ ಅನ್ನಿಸಿತು.

ವಾಸು ಬಂದು ಅತ್ತಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬೈಯಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

“ಆಯುಧ ಪೂಜೆಯ ದಿನ ಅತ್ತಿಗೆ. ಗಲ್ಲಾದಲ್ಲಿ ಸ್ವಲ್ಪ ಕೂತ್ಕೋ ಅಂತ ಅಣ್ಣನೇ ಕೂರಿಸಿದ್ದು. ಬಳಗದ ಕ್ಯಾಮರಾ ಅವನ ಕೈಯಲ್ಲಿತ್ತು. ನಗು ಅಂದ. ನಂಗೆ ಕ್ಯಾಮರಾ ಎದುರು ನಗ್ಲಿಕ್ಕೆ ಬರುವುದಿಲ್ಲ ಅಂದೆ. ಆಗ ಅವನೇ ಏನೋ ಹೇಳಿ, ಹೇಳಿದ್ದಕ್ಕೆ ತಾನೇ ಹೊಟ್ಟೆ ಹಿಡ್ಕೊಂಡು ನಕ್ಕ. ಅವನು ನಗುವುದು ನೋಡಿ ನಂಗೆ ನಗು ಬಂತು.”

“ಏನು ಹೇಳಿದ್ರು?” ದ್ರೌಪದಿಯಕ್ಕ ಮುಂದಕ್ಕೆ ಬಾಗಿದರು.

ವಾಸು ನೆಲ ನೋಡಿದರು. “ನೆನಪಿಲ್ಲ ಅತ್ತಿಗೆ.”

ಅವರ ಮೀಸೆ ಅದುರತೊಡಗಿತು. ಗೋಡೆಯ ಮೇಲೆ ಅದೇ ಮೀಸೆ ನಗುತ್ತಲೇ ಇತ್ತು.

ದ್ರೌಪದಿಯಕ್ಕ ಮೈದುನನಿಗೆ ತಮ್ಮ ನೀರಿನ ಬಾಟಲಿ ಕೊಟ್ಟು, ಜಯಶೀಲನ ಹತ್ತಿರ ಬಂದರು. ಅವನು ಬಾಯಿ ತೆರೆಯುವ ಮೊದಲೇ, “ಊಟ ಮಾಡಿಲ್ಲ ಅಲ್ವಾ ನೀನು? ಮುಖ ಬಾಡಿದೆ,” ಎಂದರು. ಆಮೇಲೆ ಸಂಕೋಚದಿಂದ, “ಇನ್ನೂ ಫೋಟೋ ಉಂಟಲ್ಲ ಅದರಲ್ಲಿ. ಪುರುಸೊತ್ತಾದಾಗ ಇನ್ನೊಮ್ಮೆ ನೋಡ್ತೀಯಾ?” ಎಂದು ಕೇಳಿದರು.

ಅವನು ತಲೆಯಾಡಿಸಿದ.

ಅತ್ತಿಗೆ ಮೈದುನರು ರಿಕ್ಷಾ ಹುಡುಕುತ್ತ ಹೊರಗೆ ಹೋದ ಮೇಲೆ ಜಯಶೀಲ ವೈರು ಸುತ್ತತೊಡಗಿದ. ಯಾರೋ ಮೊಣಕೈ ಮುಟ್ಟಿದರು. ಬೈಸಿಕೊಳ್ಳಲು ಸಿದ್ಧನಾಗಿ ತಿರುಗಿದ. ಜಯಲತಕ್ಕ.

“ನನ್ನದೊಂದು ನಗುವ ಫೋಟೋ ಈಗಲೇ ಹುಡುಕಿ ತೆಗೆದಿಡು ಜಯಶೀಲ,” ಎಂದರು ಪಿಸುದನಿಯಲ್ಲಿ. “ನಾನು ಇರುವಾಗಲೇ ನಂಗೆ ತೋರಿಸು. ಆಮೇಲೆ ನನ್ನ ನಾದಿನಿಯ ಮುಖಕ್ಕೆ ಹಾರ ಹಾಕಿಬಿಟ್ಟೀಯೆ.”

ಅವರ ಹಿಂದೆ ವಸಂತಕುಮಾರರು, ಹಾರ ಇನ್ನೂ ಕೈಯಲ್ಲೇ ಇತ್ತು. ಅವರ ಹಿಂದೆ ಅಧ್ಯಕ್ಷರು. ಅಧ್ಯಕ್ಷರ ಹಿಂದೆ ಬಳಗದ ಅರವತ್ತು ದಾಟಿದವರೆಲ್ಲ, ಒಬ್ಬರ ಹಿಂದೆ ಒಬ್ಬರು, ಬಾಗಿಲಿನವರೆಗೂ ನಿಂತಿದ್ದರು.

ಜಯಶೀಲ ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಕುಳಿತ.