ಮೊಬೈಲಿನ ಜೊತೆ ಮಾವನ ಚೌಕಾಶಿ

ನಮ್ಮ ಸೋದರಮಾವ ಎದುರಿಗೆ ಕೂತರೆ ಯಮನೂ ರೇಟು ಇಳಿಸಬೇಕಾಗುತ್ತದೆ! ಶ್ರೀನಿವಾಸಪುರದ ಮಂಡಿಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು, ಬೇರೆಯವರಿಗೆ ತಿಳಿಯದಂತೆ ರೇಟು ಕುದುರಿಸಿ, ಮಾವಿನ ವ್ಯಾಪಾರ ಮಾಡುತ್ತಲೇ ತಲೆ ನರೆಸಿಕೊಂಡವನು. ಮೊದಲು ಹೇಳಿದ ಬೆಲೆಗೆ ಒಪ್ಪಿದ ಚರಿತ್ರೆಯೇ ಇಲ್ಲ. ಬಸ್ ಕಂಡಕ್ಟರ್ ಹತ್ತಿರವೂ ಚೌಕಾಶಿ ಮಾಡುತ್ತಾನೆಂದರೆ ನಂಬುತ್ತೀರಾ?

ಇಂಥವನಿಗೆ ಹೋದ ವರ್ಷ ಸಕ್ಕರೆ ಕಾಯಿಲೆ ಏರಿ, ಡಾಕ್ಟರು ಮಾವಿನಹಣ್ಣು ಮುಟ್ಟಕೂಡದು ಎಂದುಬಿಟ್ಟರು. “ನೀವು ತಿನ್ನದ ಹಣ್ಣು ನನಗ್ಯಾಕ್ರೀ?” ಎಂದು ಅತ್ತೆಯೂ ಬಿಟ್ಟಳು. ಮನೆಯೆಲ್ಲ ಬಾದಾಮಿ ಹಣ್ಣು ಘಮಘಮಿಸುತ್ತಿದ್ದರೂ ಇಡೀ ಸೀಸನ್ನು ಒಂದು ಹೋಳು ಬಾಯಿಗಿಡಲಿಲ್ಲ. ಮಾವನಿಗೆ ಇದನ್ನು ನೋಡಲಾಗಲಿಲ್ಲ. ಮುಂದಿನ ಫಸಲಿನೊಳಗೆ ಸಕ್ಕರೆ ಇಳಿಸಿಯೇ ತೀರುತ್ತೇನೆಂದು ಹಟ ಹಿಡಿದ. ನಾನು ಅವನ ಮೊಬೈಲಿಗೆ ಮಾತಾಡುವ ಎಐ ಹಾಕಿಕೊಟ್ಟೆ.

“ದಿನಾ ಮುಕ್ಕಾಲು ಗಂಟೆ ನಡೆಯಿರಿ” ಎಂದಿತು ಎಐ.

“ಏಮಪ್ಪಾ, ನ್ಯಾಯವಾಗಿ ಹೇಳು. ಹತ್ತು ನಿಮಿಷಕ್ಕೆ ಮಾಡ್ಕೋ.”

“ಸರಿ, ಹತ್ತರಿಂದಲೇ ಶುರು ಮಾಡಿ. ವಾರವಾರ ಸ್ವಲ್ಪ ಹೆಚ್ಚಿಸೋಣ.”

“ಕೇಳಿದ್ಯೇನೇ? ಇಳಿದ, ಇಳಿದ!” ಎಂದು ಮಾವ ಅತ್ತೆಗೆ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಂದಿನಿಂದ ಟವೆಲು ಮೊಬೈಲಿನ ಮೇಲೆ! ವ್ಯಾಪಾರದ ಗುಟ್ಟು ನಮಗೆ ಕೇಳಬಾರದಂತೆ. ಆದರೆ ವಾರವಾರ ಹೆಚ್ಚಿ, ನಡಿಗೆ ಮೊದಲಿನ ಮುಕ್ಕಾಲು ಗಂಟೆಗೇ ಬಂದು ನಿಂತಿತ್ತು. “ಭಾರೀ ಪಾಕಡಾ ಕಣ್ಲಾ ಇದು! ನಮ್ಮ ಮಂಡೀಲಿರ್ಬೇಕಾಗಿತ್ತು” ಎಂದು ಮಾವ ಮನಸಾರೆ ಮೆಚ್ಚಿಕೊಂಡ.

ಆಮೇಲೆ ಮುದ್ದೆಯ ಪಂಚಾಯಿತಿ. ಮೂರರ ಬದಲು ಒಂದು ಎಂದು ತೀರ್ಮಾನವಾಯಿತು. ಊಟಕ್ಕೆ ಕೂತಾಗ ನೋಡುತ್ತೇನೆ, ಒಂದೇ ಮುದ್ದೆ, ಆದರೆ ತಟ್ಟೆಯೇ ಕಾಣಿಸುತ್ತಿಲ್ಲ!

“ಇದೇನು ಮಾವ?”

“ಒಂದು ಅಂತ ತಾನೇ ಒಪ್ಪಿದ್ದು? ಸೈಜಿನ ಮಾತೇ ಬಂದಿಲ್ಲ.”

ನಾನು ಫೋಟೊ ತೆಗೆದು ಎಐಗೆ ತೋರಿಸಿದೆ. “ಇದು ಮೂರು ಮುದ್ದೆಗೆ ಸಮ” ಎಂದಿತು. “ಚಾಡಿಕೋರ!” ಎಂದ ಮಾವ. ಬೈದದ್ದು ನನ್ನನ್ನೋ ಅದನ್ನೋ, ಇವತ್ತಿಗೂ ಗೊತ್ತಿಲ್ಲ. ಮಾರನೆಯ ದಿನದಿಂದ ಮುದ್ದೆ ನಿಜವಾಗಿಯೂ ಒಂದಾಯಿತು.

ಈ ವರ್ಷ ರಿಪೋರ್ಟು ನೋಡಿ ಡಾಕ್ಟರೇ ಎದ್ದು ಕೈ ಕುಲುಕಿ, “ಇನ್ನು ಸ್ವಲ್ಪ ಹಣ್ಣು ತಿನ್ನಬಹುದು” ಎಂದರು. ಗೆದ್ದೆವು! ಮಾವ ಮಂಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ರಿಪೋರ್ಟು ತೋರಿಸಿ, ಮೀಸೆ ತಿರುವುತ್ತಾ ಮನೆಗೆ ಬಂದ. ಅತ್ತೆಯ ಮುಂದೆ ಕೂತು ಬಾದಾಮಿ ಹಣ್ಣು ಕೊಯ್ದ.

“ಡಾಕ್ಟ್ರು ಸ್ವಲ್ಪ ಅಂದವ್ರೆ. ಎಷ್ಟಪ್ಪಾ?” ಎಂದು ಮೊಬೈಲನ್ನು ಕೇಳಿದ.

“ಎರಡು ತೆಳು ಹೋಳು ಸಾಕು.”

ಈಗ ಟವೆಲು ಬಂತು ನೋಡಿ ಎಂದುಕೊಂಡೆವು. ಬರಲಿಲ್ಲ. ಹಾಗಂತ ಹೇಳಿದ ರೇಟಿಗೆ ಒಪ್ಪಿದನೇ? ಅದೂ ಇಲ್ಲ!

“ಎರಡ್ಯಾಕೆ, ಒಂದೇ ಸಾಕು ಬಿಡಪ್ಪಾ” ಎಂದು ಒಂದು ಹೋಳು ಬಾಯಿಗೆ ಹಾಕಿಕೊಂಡು, ಉಳಿದ ಹಣ್ಣನ್ನೆಲ್ಲ ಅತ್ತೆಯ ಕೈಗಿಟ್ಟ.

“ನಂದು ತಿಂದಾಯ್ತು. ಇನ್ನು ನೀನು ತಿನ್ನೇ.”

ಅತ್ತೆ ಅಳುತ್ತಲೇ ತಿಂದಳು. ವಾಟೆಯನ್ನೂ ಬಿಡದೆ ಚೀಪಿದಳು.