ಮಾಸ್ಟರ್ ಆರಿಸಿದ ಗ್ರಾಫಿಕ್ಸ್ ಕಾರ್ಡ್

"ನಲವತ್ತೆರಡು ತುಂಡು ಸೇರಿಸಿ ಕೋಟು ನಿಲ್ಲಿಸೋನಿಗೆ ಏಳು ತುಂಡಿನ ಕಂಪ್ಯೂಟರ್ ಯಾವ ಲೆಕ್ಕ?"

ಹೀಗೆಂದು ಮಾಸ್ಟರ್ ಘೋಷಿಸಿದ್ದು ಒಂದು ಶುಕ್ರವಾರ ಬೆಳಿಗ್ಗೆ, ತುಟಿಯ ತುದಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ. ಮಾಸ್ಟರ್ ಎಂದರೆ ಪಾಠ ಹೇಳುವ ಮಾಸ್ಟರಲ್ಲ, ಟೈಲರ್ ಮಾಸ್ಟರ್. ಇಪ್ಪತ್ತೆರಡು ವರ್ಷದಿಂದ ಕುತ್ತಿಗೆಗೆ ಟೇಪು ಹಾಕಿಕೊಂಡೇ ಓಡಾಡುವವರು. ಮಲಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ, ಅದು ಅವರ ಹೆಂಡತಿಗೊಬ್ಬರಿಗೇ ಗೊತ್ತು. ಗಿರಾಕಿಗಳೆಲ್ಲ ಆಕೆಯನ್ನು ಮಾಸ್ಟರಮ್ಮ ಎನ್ನುತ್ತಾರೆ.

ಕಂಪ್ಯೂಟರ್ ಬೇಕಾಗಿದ್ದುದು ಈ ಮಾಸ್ಟರಮ್ಮನಿಗೆ. ನಾಲ್ಕು ತಿಂಗಳು ಸಂಜೆ ತರಗತಿಗೆ ಹೋಗಿ ಆಕೆ ಒಂದು ವಿದ್ಯೆ ಕಲಿತಿದ್ದರು. ಕತ್ತರಿ ಮುಟ್ಟುವ ಮೊದಲೇ ಬಟ್ಟೆಯನ್ನು ಕಂಪ್ಯೂಟರ್ ಪರದೆಯ ಮೇಲೆ ಹೊಲಿದು, ಅಲ್ಲೇ ಒಂದು ಬೊಂಬೆಗೆ ತೊಡಿಸಿ, ಬೊಂಬೆಯನ್ನು ನಡೆಸಿ ನೆರಿಗೆ ಹೇಗೆ ಅಲೆಯುತ್ತದೆಂದು ತೋರಿಸುವ ವಿದ್ಯೆ. ಇದನ್ನು ಕೇಳಿದ ನಾಟಕ ಕಂಪನಿಯ ಮ್ಯಾನೇಜರ್, ಸೋಮವಾರ ಹತ್ತು ಗಂಟೆಗೆ ಬರುತ್ತೇನೆ, ರಾಣಿಯ ಉಡುಪು ನಡೆದು ತೋರಿಸಿದರೆ ಹತ್ತೊಂಬತ್ತು ಉಡುಪೂ ನಿಮಗೇ, ಇಲ್ಲದಿದ್ದರೆ ದೊಡ್ಡ ರಸ್ತೆಯ ಅಂಗಡಿಗೆ ಎಂದು ಹೇಳಿ ಹೋಗಿದ್ದರು. ಆ ಬೊಂಬೆ ನಡೆಯಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅದಿಲ್ಲದಿದ್ದರೆ ರಾಣಿ ಒಂದು ಕಾಲು ಎತ್ತಿದವಳು ಮಧ್ಯಾಹ್ನದವರೆಗೂ ಹಾಗೇ ನಿಂತಿರುತ್ತಾಳೆ.

ಜೋಡಿಸಿದ ಕಂಪ್ಯೂಟರನ್ನೇ ತಂದುಬಿಡೋಣ ಎಂದು ಮಾಸ್ಟರಮ್ಮ ಬೇಡಿಕೊಂಡರು. ರೆಡಿಮೇಡ್ ಎಂಬ ಶಬ್ದ ಕೇಳಿದರೇ ಮೈ ಉರಿಯುವ ಮಾಸ್ಟರ್ ಒಪ್ಪುವುದುಂಟೇ? ಹಳೆಯದೊಂದು ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಗಿನ ಡಬ್ಬ, ಅಗ್ಗಕ್ಕೆ ಸಿಕ್ಕಿದ್ದು ಮನೆಯಲ್ಲಿತ್ತು. ಅದರ ಒಳಗನ್ನು ಟೇಪಿನಿಂದ ಅಳೆದು, ಅಳತೆ ಪುಸ್ತಕದಲ್ಲಿ 'ಉದ್ದ ಇಪ್ಪತ್ತಾರು ಸೆಂಟಿಮೀಟರ್' ಎಂದು ಬರೆದುಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟೇಬಿಟ್ಟರು.

ಕಂಪ್ಯೂಟರ್ ಅಂಗಡಿಯವನು ಮೂರು ಕಾರ್ಡುಗಳನ್ನು ಮುಂದಿಟ್ಟ. ಕಾವು ಇಳಿಸುವ ಫ್ಯಾನು ಒಂದಿರುವುದು, ಎರಡಿರುವುದು, ಮೂರಿರುವುದು. ಮೂರು ಫ್ಯಾನಿನದರ ಬೆಲೆ ಕೇಳಿ ಮಾಸ್ಟರ್ ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಕೆಳಗಿಟ್ಟರು. ಉಳಿದ ಎರಡನ್ನು ಬೆರಳ ನಡುವೆ ಹಿಡಿದು ಉಜ್ಜಿದರು, ಬೆಳಕಿಗೆ ಹಿಡಿದು ನೋಡಿದರು, ಲೈನಿಂಗ್ ಯಾವುದು ಎಂದರು. ಬಣ್ಣ ಹೋಗುವುದಿಲ್ಲ ತಾನೇ ಎಂದೂ ವಿಚಾರಿಸಿಕೊಂಡರು. ಅಂಗಡಿಯವನು ಯಾವುದಕ್ಕೂ ನಗದೆ ಉತ್ತರ ಕೊಟ್ಟದ್ದು ಅವನ ದೊಡ್ಡ ಗುಣ.

ತನ್ನ ಕೆಲಸಕ್ಕೆ ಒಂದು ಫ್ಯಾನಿನದೇ ಸಾಕು, ತರಗತಿಯಲ್ಲೂ ಹಾಗೇ ಹೇಳಿದ್ದಾರೆ ಎಂದರು ಮಾಸ್ಟರಮ್ಮ. ಒಂದು ಫ್ಯಾನಿನ ಕಾರ್ಡೆಂದರೆ ಒಂದೇ ತೋಳಿನ ಅಂಗಿ ಎಂದರು ಮಾಸ್ಟರ್. ಅಷ್ಟರಲ್ಲಿ ಅವರ ಕಣ್ಣು ಮೂಲೆಯಲ್ಲಿದ್ದ ಡಬ್ಬಿ ಹರಿದ ಕಾರ್ಡೊಂದರ ಮೇಲೆ ಬಿತ್ತು. ಎರಡು ಫ್ಯಾನು, ಬೆಲೆ ಮಾತ್ರ ಹೆಚ್ಚುಕಡಿಮೆ ಒಂದು ಫ್ಯಾನಿನದೇ! ವಾಪಸಿಲ್ಲ, ಬದಲಾವಣೆಯಿಲ್ಲ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಇದರ ಉದ್ದ ಇಪ್ಪತ್ತೈದು ಪಾಯಿಂಟ್ ಎರಡು ಸೆಂಟಿಮೀಟರ್, ನಿಮ್ಮ ಕ್ಯಾಬಿನೆಟ್ ಒಳಗೆ ಎಷ್ಟು ಜಾಗವಿದೆ ಎಂದು ಅಂಗಡಿಯವನು ಕೇಳಿದ.

"ಇಪ್ಪತ್ತಾರು. ಹೊಲಿಗೆಗೆ ಬಿಟ್ಟು ಇನ್ನೂ ಮಿಗುತ್ತೆ" ಎಂದರು ಮಾಸ್ಟರ್.

"ಕ್ಯಾಬಿನೆಟ್ ಜೊತೆ ಬಂದ ಪುಸ್ತಕದಲ್ಲಿ ಇಪ್ಪತ್ನಾಲ್ಕು ಅಂತಿತ್ತು ಕಣ್ರೀ" ಎಂದು ಮಾಸ್ಟರಮ್ಮ ಮೆಲ್ಲಗೆ ನೆನಪಿಸಿದರು.

"ಆ ಪುಸ್ತಕ ಬರೆದೋನು ಜೀವಮಾನದಲ್ಲಿ ಒಂದು ಅಂಗಿ ಹೊಲಿದಿದಾನಾ?"

ಮಾಸ್ಟರ್ ಹಣ ಎಣಿಸಿಕೊಟ್ಟರು. ಕಾರ್ಡು ಮನೆಗೆ ಬಂತು.

ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಕೊಟ್ಟು ಜೋಡಣೆಯ ಮಹಾಕಾರ್ಯ ಶುರುವಾಯಿತು. ಹೇಳಲೇಬೇಕು, ಮಾಸ್ಟರ್ ಕೈ ಚುರುಕು. ಒಂದೊಂದು ತಂತಿಯೂ ಕೋಟಿನ ಒಳಹೊಲಿಗೆಯ ಹಾಗೆ ಮರೆಯಲ್ಲಿ ಸರಿದು ಕೂತಿತು. ಕೊನೆಗೆ ಗ್ರಾಫಿಕ್ಸ್ ಕಾರ್ಡಿನ ಸರದಿ. ಅದು ಮಾತ್ರ ಒಂದು ಬೆರಳಗಲದಷ್ಟು ಹೊರಗೇ ನಿಂತುಬಿಟ್ಟಿತು. ಓರೆ ಹಿಡಿದರು, ತಲೆಕೆಳಗು ಮಾಡಿದರು, ಬದಿಯಿಂದ ನೂಕಿದರು. ಅಭ್ಯಾಸಬಲ ನೋಡಿ, ಕೊನೆಗೆ ಕ್ಯಾಬಿನೆಟ್ಟಿಗೇ "ಸ್ವಲ್ಪ ಉಸಿರು ಎಳ್ಕೋ" ಎಂದುಬಿಟ್ಟರು.

ಕ್ಯಾಬಿನೆಟ್ ಉಸಿರು ಎಳೆದುಕೊಳ್ಳಲಿಲ್ಲ. ಮಾಸ್ಟರಮ್ಮ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಸಿದು ಕೂತರು. ಆಕೆ ಕೂಗಾಡಿದ್ದರೆ ಮಾಸ್ಟರ್ ತಡೆದುಕೊಳ್ಳುತ್ತಿದ್ದರು, ಅದು ರೂಢಿಯಿದ್ದದ್ದೇ. ಆಕೆ ಕೂಗಾಡಲಿಲ್ಲ.

"ಇಪ್ಪತ್ತು ವರ್ಷ ನೀವು ಕತ್ತರಿಸಿದ್ದಕ್ಕೆ ಗುಂಡಿ ಹಚ್ಚಿದೀನಿ, ಅಂಚು ಹೊಲಿದಿದೀನಿ. ಬೇಜಾರೇನಿಲ್ಲ. ನಾನೇ ಕತ್ತರಿಸಿದ್ದು ಅಂತ ಒಂದೇ ಒಂದು ಬಟ್ಟೆನ ಜನ ನೋಡ್ಲಿ ಅಂತ ಆಸೆಯಿತ್ತು, ಅಷ್ಟೇ."

ಎಂಥವರಿಗೂ ನಾಚಿಕೆಯಾಗುವ ಮಾತು ಅದು. ಆದರೆ ನಾಚಿಕೆಯನ್ನು ಸಿಟ್ಟು ಮಾಡಿಕೊಳ್ಳುವುದು ಗಂಡಸರಿಗೆ ಸುಲಭ ನೋಡಿ, ಮಾಸ್ಟರ್ ಸರಕ್ಕನೆ ಟೇಪು ಎಳೆದು ಕ್ಯಾಬಿನೆಟ್ ಅಳೆದರು. ಇಪ್ಪತ್ತಾರು. ಕಾರ್ಡು ಅಳೆದರು. ಇಪ್ಪತ್ತೇಳು ಪಾಯಿಂಟ್ ಎರಡು! ಸಿಕ್ಕಿಬಿದ್ದ ಕಳ್ಳ! ಅಂಗಡಿಯವನು ಹೇಳಿದ್ದಕ್ಕಿಂತ ಪೂರ್ತಿ ಎರಡು ಸೆಂಟಿಮೀಟರ್ ಹೆಚ್ಚು. ಬಟ್ಟೆ ಕಡಿಮೆ ಬಂತೆಂದು ಮಾಸ್ಟರ್ ಎಷ್ಟೋ ಅಂಗಡಿಗಳಲ್ಲಿ ಜಗಳವಾಡಿದ್ದುಂಟು. ಮಾಲು ಹೆಚ್ಚು ಬಂತೆಂದು ಜಗಳಕ್ಕೆ ಹೊರಟದ್ದು ಇದೇ ಮೊದಲು.

ಅಂಗಡಿಯವನು ಅವರ ಭಾಷಣವನ್ನು ಕೊನೆಯವರೆಗೂ ಕೇಳಿದ. ಒಂದು ಸ್ಟೀಲ್ ಸ್ಕೇಲ್ ತಂದು ಕಾರ್ಡಿನ ಪಕ್ಕಕ್ಕಿಟ್ಟ. ಇಪ್ಪತ್ತೈದು ಪಾಯಿಂಟ್ ಎರಡು. ಆಮೇಲೆ ಟೇಪನ್ನು ಇಸಿದುಕೊಂಡು ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದ.

"ಮಾಸ್ಟರ್, ನಿಮ್ಮ ಟೇಪು ಮೂರರಿಂದ ಶುರುವಾಗಿದೆ. ಒಂದು, ಎರಡು ಎಲ್ಲಿ ಹೋದ್ವು?"

ಮಾಸ್ಟರ್ ನೋಡಿದರು. ಆಗ ನೆನಪಾಯಿತು. ಒಂಬತ್ತು ವರ್ಷದ ಕೆಳಗೆ ದಪ್ಪ ರೇನ್‌ಕೋಟಿನ ಬಟ್ಟೆ ಕತ್ತರಿಸುವಾಗ ಕತ್ತರಿ ಟೇಪಿನ ತುದಿಯನ್ನೂ ಕಚ್ಚಿತ್ತು. ಹರಿದ ಭಾಗವನ್ನು ನೀಟಾಗಿ ತೆಗೆದು, ಅಂಚು ಮಡಚಿ, ಅದೇ ಬಣ್ಣದ ನೂಲಿನಲ್ಲಿ ಹೊಲಿದಿದ್ದರು. ಎಷ್ಟು ಚೆನ್ನಾಗಿ ಹೊಲಿದಿದ್ದರೆಂದರೆ ಅವರಿಗೇ ಮರೆತುಹೋಗಿತ್ತು. ಮೈ ಅಳೆದದ್ದೂ ಅದೇ ಟೇಪು, ಬಟ್ಟೆ ಅಳೆದದ್ದೂ ಅದೇ ಟೇಪು. ತಪ್ಪಿಗೆ ತಪ್ಪು ಸರಿಹೋಗಿ ಒಂದು ಅಂಗಿಯೂ ಕೆಟ್ಟಿರಲಿಲ್ಲ. ಊರಿನವರ ಸೊಂಟವೆಲ್ಲ ಪುಸ್ತಕದಲ್ಲಿ ಎರಡೆರಡು ಸೆಂಟಿಮೀಟರ್ ಊದಿಕೊಂಡಿತ್ತು, ಅಷ್ಟೇ.

"ಹೋದ ತಿಂಗಳು ನನ್ನ ಸೊಂಟ ಅಳೆದು ತೊಂಬತ್ತು ದಾಟಿದೆ ಅಂದ್ರಲ್ಲ? ಅವತ್ತಿಂದ ರಾತ್ರಿ ಊಟ ಬಿಟ್ಟಿದೀನಿ" ಎಂದ ಅಂಗಡಿಯವನು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಆಮೇಲೆ ಕಾರ್ಡು ಬದಲಾಯಿಸಿಕೊಡು ಎಂದು ಯಾವ ಮುಖ ಹೊತ್ತು ಕೇಳುವುದು? ಕೇಳಿದರು. ಅವನು ದಪ್ಪಕ್ಷರದ ಕಡೆ ಬೆರಳು ತೋರಿಸಿದ. ದೊಡ್ಡ ಕ್ಯಾಬಿನೆಟ್ ಬೇಕಾದರೆ ಗುರುವಾರ ಬರುತ್ತದೆ ಎಂದ. ಸೋಮವಾರ ಹತ್ತು ಗಂಟೆಗೆ ಗುರುವಾರದ ಕ್ಯಾಬಿನೆಟ್ಟಿನಿಂದ ಏನು ಪ್ರಯೋಜನ?

ಮಾಸ್ಟರ್ ಮುಖ ಹುಳ್ಳಗೆ ಮಾಡಿಕೊಂಡು ಮನೆಗೆ ಬಂದು ಒಂದಕ್ಷರ ಮುಚ್ಚಿಡದೆ ಒಪ್ಪಿಸಿದರು. ಇದು ಅವರ ದಾಂಪತ್ಯದಲ್ಲಿ ಹೊಸ ಅನುಭವ. ಮಾಸ್ಟರಮ್ಮ ಎಲ್ಲ ಕೇಳಿ ಕ್ಯಾಬಿನೆಟ್ ಕಡೆ ನೋಡಿದರು.

"ಅಂಗಿ ಹಾಕದೇ ಇದ್ರೆ ಮೈ ಕೆಲಸ ಮಾಡಲ್ವಾ?"

ಡಬ್ಬವಿಲ್ಲದೆ ಕಂಪ್ಯೂಟರ್ ಕೆಲಸ ಮಾಡುತ್ತದೆಯೇ ಎಂದು ಅಂಗಡಿಯವನಿಗೆ ಫೋನ್ ಮಾಡಿ ಕೇಳಿದರು. ಧಾರಾಳವಾಗಿ ಮಾಡುತ್ತದೆ, ನೀರು ಬೀಳದ ಹಾಗೆ ನೋಡಿಕೊಳ್ಳಿ ಎಂದ. ಭಾನುವಾರವೆಲ್ಲ ಆಕೆ ಹೇಳಿದ್ದು, ಮಾಸ್ಟರ್ ತಲೆಬಾಗಿ ಮಾಡಿದ್ದು. ಅಚ್ಚುಕಟ್ಟಾಗಿ ಕೂತಿದ್ದ ಭಾಗಗಳೆಲ್ಲ ಹೊರಬಂದು ಬಟ್ಟೆ ಕತ್ತರಿಸುವ ಮರದ ಮೇಜಿನ ಮೇಲೆ ಹರಡಿಕೊಂಡವು. ಶುರು ಮಾಡುವ ಗುಂಡಿ ಕ್ಯಾಬಿನೆಟ್ಟಿನಲ್ಲೇ ಉಳಿದಿದ್ದರಿಂದ, ಅಂಗಡಿಯವನು ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಆ ಗುಂಡಿಯ ತಂತಿ ಸೇರುವ ಎರಡು ಲೋಹದ ಕಡ್ಡಿಗಳಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರು. ಎರಡೂ ಫ್ಯಾನು ಗಿರ್ರನೆ ತಿರುಗಿದವು. ಮಾಸ್ಟರಮ್ಮ ಕಣ್ಣೊರೆಸಿಕೊಂಡರು. ಮಾಸ್ಟರ್ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಸೋಮವಾರ ಹತ್ತಕ್ಕೆ ಮ್ಯಾನೇಜರ್ ಬಂದರು. ಪರದೆಯ ಮೇಲೆ ರಾಣಿ ನಡೆದಳು, ತಿರುಗಿದಳು, ಮೆಟ್ಟಿಲಿಳಿದಳು. ನೇರಳೆ ಉಡುಪಿನ ಅಂಚು ಅವಳ ಹಿಂದೆ ಒಂದೊಂದೇ ಮೆಟ್ಟಿಲು ಜಾರಿ ಇಳಿಯಿತು. ಇನ್ನೊಮ್ಮೆ ಇಳಿಸಿ ಎಂದರು ಮ್ಯಾನೇಜರ್. ಮೂರನೆಯ ಸಲ ಇಳಿಸಿದ ಮೇಲೆ, ಯಾರು ಕತ್ತರಿಸಿದ್ದು ಎಂದು ಕೇಳಿದರು. "ಇವಳೇ. ನಾನು ಕತ್ತರಿ ಮುಟ್ಟಿಲ್ಲ" ಎಂದರು ಮಾಸ್ಟರ್, ಯಾರೂ ಹೇಳಿಕೊಡದೆಯೇ.

ಹತ್ತೊಂಬತ್ತು ಉಡುಪೂ ಅವರಿಗೇ ಎಂದಾಯಿತು. ಎದ್ದು ಹೊರಟ ಮ್ಯಾನೇಜರ್ ಮೇಜಿನ ಮೇಲೆ ಚೆಲ್ಲಿಕೊಂಡು ಗುಂಯ್‌ಗುಡುತ್ತಿದ್ದ ಕಂಪ್ಯೂಟರನ್ನು ಅನುಮಾನದಿಂದ ನೋಡಿ, ನಾಳೆ ನಟರ ಅಳತೆ ತೆಗೆದುಕೊಳ್ಳಲು ಮಾಸ್ಟರ್ ಬರುತ್ತಾರೆ ತಾನೇ ಎಂದು ಕೇಳಿದರು. ಮಾಸ್ಟರ್ ಎದೆಯುಬ್ಬಿಸಿ ಬಾಯಿ ತೆರೆಯುವುದರೊಳಗೆ ಮಾಸ್ಟರಮ್ಮ ಹೇಳಿಬಿಟ್ಟರು:

"ಅಳತೆಗೆ ನಾನೇ ಬರ್ತೀನಿ ಸರ್. ಇವರಿಗೆ ಪುರುಸೊತ್ತಿಲ್ಲ. ಕಂಪ್ಯೂಟರಿಗೆ ಅಂಗಿ ಹೊಲೀಬೇಕು."