ನನ್ನ ಸೀರೆಗಳ ಹಿಂದಿದ್ದ ಬಂದೂಕು

ಪ್ರತಿಯೊಂದು ಮನೆಯಲ್ಲೂ ಯಾರೂ ಬಳಸದ, ಆದರೆ ಯಾರೂ ಬಿಟ್ಟುಕೊಡದ ಒಂದು ವಸ್ತು ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ಅಟ್ಟದ ಮೇಲಿನ ತಾಮ್ರದ ಹಂಡೆ, ಕೆಲವರಲ್ಲಿ ಕಾಲು ಅಲುಗಾಡುವ ಆರಾಮಕುರ್ಚಿ. ಸಂಡೂರಿನ ನನ್ನ ತವರಿನಲ್ಲಿ ಅದೊಂದು ಹಾರ್ಮೋನಿಯಂ. ಮುಟ್ಟಿದರೆ ಸ್ವರಕ್ಕಿಂತ ಮೊದಲು ಕೆಮ್ಮು ಬರುತ್ತಿತ್ತು. ಪಕ್ಕದ ಮನೆಯವರು ಕೇಳಿದಾಗ ಅಮ್ಮ, “ಇಲ್ರಿ, ನಮ್ಮ ಹುಡುಗ್ರು ಕಲೀತಾವ” ಎಂದು ಕಳಿಸಿಬಿಟ್ಟರು. ನಾವು ಕಲಿಯಲಿಲ್ಲ, ಅವರನ್ನೂ ಕಲಿಯಗೊಡಲಿಲ್ಲ. ನಾನು ಮದುವೆಯಾಗಿ ಬಂದ ಮನೆಯಲ್ಲಿ ಆ ವಸ್ತು ಒಂದು ಬಂದೂಕು. ಅದೂ ಜೋಡಿ ನಳಿಗೆಯದು. ಅದೂ ನನ್ನ ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಹಿಂದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು, ಚಮಚ ಕಪ್ಪಿಗೆ ತಾಗದಂತೆ ಸಕ್ಕರೆ ಕದಡುವುದು, ಇವೆಲ್ಲ ನನಗೆ ಗಣಿತಕ್ಕಿಂತ ಚೆನ್ನಾಗಿ ಬಂದಿದ್ದವು. ನಮ್ಮ ಸಿಸ್ಟರ್ ಒಬ್ಬರು ಸದಾ ಹೇಳುತ್ತಿದ್ದರು, ಸಿಟ್ಟು ಬಂದಾಗ ದನಿ ತಗ್ಗಿಸಬೇಕು, ಆಗ ಎದುರಿನವರು ಕೇಳಿಸಿಕೊಳ್ಳಲು ತಾವಾಗಿ ಹತ್ತಿರ ಬರುತ್ತಾರೆ ಎಂದು. ಹೀಗೆ ಬೆಳೆದವಳಿಗೆ ಹೆಣ್ಣು ನೋಡಲು ಬಂದ ಹೊಸಪೇಟೆಯವರು ಎಲ್ಲವನ್ನೂ ಹೇಳಿದ್ದರು. ಚಿತ್ತವಾಡ್ಗಿಯಲ್ಲಿ ಸ್ವಂತ ಮನೆ, ಕಂಪ್ಲಿಗೂ ದರೋಜಿಗೂ ನಡುವೆ ಕಾಲುವೆ ನೀರಿನ ಹೊಲ, ಹುಡುಗ ನೀರಾವರಿ ಕಚೇರಿಯಲ್ಲಿ ಎಂಜಿನಿಯರು, ಒಬ್ಬಳೇ ತಂಗಿ. ಬಂದೂಕಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬಂದ ವಾರದಲ್ಲೇ ಮಾವನವರು ಬೀರು ತೆಗೆದು ತೋರಿಸಿ, “ಹೆದರಬ್ಯಾಡವಾ, ಇದು ಈ ಮನಿ ಹಿರೇಮಗಳು ಇದ್ದಂಗ. ಯಾರ ತಂಟಿಗೂ ಹೋಗಂಗಿಲ್ಲ” ಎಂದರು. ನಾನು ಹಿರಿಯ ನಾದಿನಿಗೆ ನಮಸ್ಕಾರ ಮಾಡುವುದೋ ಬೇಡವೋ ತಿಳಿಯದೆ ನಿಂತಿದ್ದೆ.

ಅದು ಬೆಳೆ ಕಾಯಲು ಸರ್ಕಾರ ಕೊಟ್ಟ ಲೈಸೆನ್ಸಿನ ಬಂದೂಕು. ದರೋಜಿಯ ಗುಡ್ಡದಿಂದ ಕರಡಿ, ಹೊಲದ ಅಂಚಿನ ಪೊದೆಯಿಂದ ಕಾಡುಹಂದಿ ಬಂದು ಕಬ್ಬು ಮುರಿಯುತ್ತಿದ್ದ ಕಾಲದಲ್ಲಿ ಮಾವನವರು ತೆಗೆದುಕೊಂಡದ್ದು. ಅವರು ಹೊಡೆದದ್ದೆಲ್ಲ ಆಕಾಶಕ್ಕೇ. ಸದ್ದು ಕೇಳಿದರೆ ಹಂದಿಗಳು ಓಡುತ್ತಿದ್ದವು, ಜೊತೆಗೆ ಕಾವಲಿನ ಆಳೂ ಓಡುತ್ತಿದ್ದ, ಅವನನ್ನು ಹುಡುಕಿ ತರುವುದೇ ಹೆಚ್ಚಿನ ಕೆಲಸವಾಗುತ್ತಿತ್ತಂತೆ. ಈಗ ಹೊಲ ಕೋರಿಗೆ, ಅಂದರೆ ಪಾಲಿಗೆ, ಹೋಗಿದೆ, ಮಾಡುವವರು ಸುತ್ತ ತಂತಿಬೇಲಿ ಹಾಕಿದ್ದಾರೆ. ಬಂದೂಕು ನನ್ನ ಬೀರುವಿನಲ್ಲಿ ನಿವೃತ್ತಿ ಜೀವನ ನಡೆಸುತ್ತಿತ್ತು.

ಆದರೆ ಅದರ ಕಾಯಿದೆ ನಿವೃತ್ತವಾಗಿರಲಿಲ್ಲ. ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಬೀರುವಿನ ಕೀಲಿಯೂ ಅವರ ಬಳಿಯೇ ಇರಬೇಕು ಎಂಬುದು ಮಾವನವರ ನಿಯಮ. ಕೀಲಿ ಅವರ ಉಡಿದಾರದಲ್ಲಿತ್ತು. ಹೀಗಾಗಿ ನನ್ನ ಸೀರೆಗಳೂ ಲೈಸೆನ್ಸಿನ ಅಡಿಯಲ್ಲೇ ಬಂದವು. ಯಾವುದಾದರೂ ಮದುವೆಗೆ ಹೊರಡಬೇಕಾದರೆ ನಾನು ಹೋಗಿ, “ಮಾವಾ, ಹಸಿರು ಸೀರೆ ಬೇಕಿತ್ತು” ಎಂದು ಅರ್ಜಿ ಹಾಕಬೇಕು. ಅವರು ಪೇಪರು ಮಡಚಿ, ಬಂದು, ಬೀರು ತೆಗೆದು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಾನು ಸೀರೆ ತೆಗೆದುಕೊಂಡ ಮೇಲೆ ಬಂದೂಕು ಇದೆಯೇ ಎಂದು ನೋಡಿ ಬೀಗ ಹಾಕುತ್ತಿದ್ದರು, ನಾನೇ ಅದನ್ನು ಉಟ್ಟುಕೊಂಡು ಹೋಗಿಬಿಡುತ್ತೇನೆ ಎನ್ನುವ ಹಾಗೆ. ಅಲ್ಲದೆ ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಸೀರೆಗಳಿಗೆಲ್ಲ ಹತ್ತಿತ್ತು. ಒಮ್ಮೆ ಮದುವೆಮನೆಯಲ್ಲಿ ಪಕ್ಕ ಕುಳಿತ ಹೆಂಗಸು ಮೂಸಿ ಮೂಸಿ, “ಮಸ್ತ್ ಐತ್ರೀ ಸೆಂಟು, ಫಾರಿನ್ನಾ?” ಎಂದು ಕೇಳಿದಳು. ಹೌದೆಂದುಬಿಟ್ಟೆ. ಬಂದೂಕು ವಿದೇಶಿಯದೇ ಆಗಿದ್ದರಿಂದ ಅದು ಪೂರ್ತಿ ಸುಳ್ಳಲ್ಲ.

ಆಯುಧಪೂಜೆಯ ದಿನ ಅದು ಹೊರಗೆ ಬರುತ್ತಿತ್ತು. ಮಿಕ್ಸಿ, ಸ್ಕೂಟರು, ಹೊಲಿಗೆಯಂತ್ರಗಳ ಸಾಲಿನಲ್ಲಿ ಚೆಂಡುಹೂ ಮುಡಿದು ಕೂರುತ್ತಿತ್ತು. ಇನ್ನು ಚುನಾವಣೆ ಬಂತೆಂದರೆ ಊರಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ನಮ್ಮಲ್ಲಿ ಒಂದಲ್ಲ ಒಂದು ಚುನಾವಣೆ ಇದ್ದೇ ಇರುವುದರಿಂದ ಅದು ತವರಿಗಿಂತ ಠಾಣೆಯಲ್ಲಿ ಇದ್ದದ್ದೇ ಹೆಚ್ಚು. ಮಾವನವರು ಅದನ್ನು ಮಗಳನ್ನು ಗಂಡನ ಮನೆಗೆ ಬಿಡಲು ಹೋದವರಂತೆ ಬಿಟ್ಟು, “ಗ್ವಾಡಿಗೆ ಆನಿಸಬ್ಯಾಡ್ರೀ, ತಂಪು ಹಿಡೀತೈತಿ” ಎಂದು ಹೇಳಿ, ಮನೆಗೆ ಬಂದು ಊಟ ಬೇಡವೆನ್ನುತ್ತಿದ್ದರು.

ಈ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದರೂ ಮೊದಲಿನಂತೆ ಕಾಣದು. ಒಂದು ಬೆಳಗ್ಗೆ ಚಹಾ ಕುಡಿಯುತ್ತ ತಾವಾಗಿಯೇ ಹೇಳಿದರು: “ಕಣ್ಣು ಕಾಣದವನ ಕೈಯಾಗ ಬಂದೂಕು, ಹಲ್ಲಿಲ್ಲದವನ ಕೈಯಾಗ ಕಬ್ಬು, ಎರಡೂ ಒಂದ. ಗಿರಿಜಾಗ ಕೊಟ್ಟುಬಿಡಾಣ.”

ಗಿರಿಜಾ ನನ್ನ ನಾದಿನಿ. ಗಡಿಯಾಚೆ, ಆದೋನಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋದವಳು. ಅಲ್ಲಿ ಶೇಂಗಾದ ಹೊಲ, ಹಂದಿಗಳ ಕಾಟ. ಗಂಡ ಪೇಟೆಯಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ, ಬೇಸಾಯವೆಲ್ಲ ಇವಳದೇ. ನನ್ನನ್ನು ಅತ್ತಿಗೆ ಎನ್ನುವ ಬದಲು ಆಂಧ್ರದ ರೂಢಿಯಂತೆ ‘ವದಿನಾ’ ಎಂದು ಕರೆಯುತ್ತಾಳೆ. ಸುದ್ದಿ ಕೇಳಿ ಫೋನಿನಲ್ಲೇ ಕುಣಿದಳು. “ವದಿನಾ, ಹಂದಿಗೋಳು ಕಾಯಿ ಬಲಿಯೋದನ್ನ ಕಾಯ್ಕಂತ ಕುಂತಾವ. ಜಲ್ದಿ ಮಾಡ್ರಿ!”

ಜಲ್ದಿ ಎಂಬ ಶಬ್ದ ಕಚೇರಿಗಳಿಗೆ ಗೊತ್ತಿಲ್ಲ. ವಯಸ್ಸಾದ ತಂದೆ ತನ್ನ ಬಂದೂಕನ್ನು ಮಗಳಿಗೆ ಕೊಡಬಹುದು, ಕಾನೂನು ಒಪ್ಪುತ್ತದೆ. ಆದರೆ ಮಗಳು ತನ್ನ ಊರಿನಲ್ಲಿ ತನ್ನ ಹೆಸರಿಗೆ ಲೈಸೆನ್ಸು ಪಡೆಯಬೇಕು, ತರಬೇತಿ ಆಗಬೇಕು, ಅಲ್ಲಿನ ಪೊಲೀಸರು ವಿಚಾರಿಸಬೇಕು, ಇಲ್ಲಿನ ಕಚೇರಿ ಒಪ್ಪಬೇಕು, ಗಡಿ ದಾಟಿಸಲು ಬೇರೆ ಅನುಮತಿ ಬೇಕು. ಅವಳ ಹಳ್ಳಿಗೆ ಬಂದ ಪೊಲೀಸರು ನೆರೆಯವರನ್ನು, ಈ ಹೆಣ್ಣುಮಗಳು ಶಾಂತ ಸ್ವಭಾವದವಳೇ ಎಂದು ಕೇಳಿದರಂತೆ. ನೆರೆಯ ಮುದುಕಿ, “ಬಂದೂಕು ಬಂದ ಮ್ಯಾಲಾದ್ರೂ ಶಾಂತ ಆಗ್ತಾಳೇನೋ. ಈಗ ಬರೀ ಬಾಯಿಲೇ ಹಂದಿ ಓಡಿಸ್ತಾಳ” ಎಂದಳಂತೆ. ಅಷ್ಟರ ಮೇಲೂ ಲೈಸೆನ್ಸು ಸಿಕ್ಕಿತು. ನಮ್ಮ ಕಡೆಯ ಓಡಾಟ ನಾನೇ ಮಾಡಿದೆ. ಹಿಂದೆ ಎಲ್ಲದಕ್ಕೂ ಬಳ್ಳಾರಿಗೆ ಹೋಗಬೇಕಿತ್ತು, ಈಗ ಹೊಸಪೇಟೆಯೇ ಜಿಲ್ಲೆಯಾಗಿ ಕಚೇರಿ ಆಟೋ ದೂರದಲ್ಲಿದೆ. ನನ್ನ ಮೆಲುದನಿ ಅಲ್ಲಿ ಚೆನ್ನಾಗಿ ಕೆಲಸ ಮಾಡಿತು. ನಾನು ಏನೆಂದೆ ಎಂದು ಗುಮಾಸ್ತರು ಮುಂದೆ ಬಾಗಿ ಕೇಳುತ್ತಿದ್ದರು, ಬಾಗಿದವರು ಕಾಗದ ನೋಡಿಯೇ ನೋಡುತ್ತಿದ್ದರು. ಇನ್ನು ಉಳಿದದ್ದು ಒಂದೇ: ಉಳಿದ ವಾರಸುದಾರನ, ಅಂದರೆ ನನ್ನ ಯಜಮಾನರ, ‘ನನ್ನ ಆಕ್ಷೇಪಣೆ ಇಲ್ಲ’ ಎಂಬ ಸಹಿ.

ಇದು ಕಷ್ಟವೇ ಅಲ್ಲ ಎಂದುಕೊಂಡಿದ್ದೆ. ನನ್ನ ಯಜಮಾನರ ಹೆಸರು ವೀರೇಶ. ದೀಪಾವಳಿಯಲ್ಲಿ ಕಿವಿಗೆ ಅರಳೆ ಇಟ್ಟುಕೊಂಡು ಒಳಗಿನ ಕೋಣೆಯಲ್ಲಿ ಕೂರುವವರು. ಕುಕ್ಕರು ಕೂಗುವ ಮುನ್ಸೂಚನೆ ಸಿಕ್ಕರೆ ಅಡುಗೆಮನೆ ದಾಟುವವರಲ್ಲ. ಆ ಬೀರುವಿನ ಹತ್ತಿರ ಹೋದದ್ದನ್ನೇ ನಾನು ನೋಡಿರಲಿಲ್ಲ. ಇಂಥವರು ಕಾಗದ ಮುಂದಿಟ್ಟಾಗ, “ನಾಳೆ ಮಾಡ್ತೀನಿ” ಎಂದರು. ನಾಳೆ, ಪೆನ್ನು ಸರಿಯಿಲ್ಲ ಎಂದರು. ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದರು. ಸತ್ಯನಾರಾಯಣ ಪೂಜೆಗೆ ಕೂರಲೂ ಪಂಚಾಂಗ ಕೇಳದ ಮನುಷ್ಯ!

ಅಷ್ಟರಲ್ಲಿ ಪಂಚಾಯತಿ ಚುನಾವಣೆಯ ಗಾಳಿಸುದ್ದಿ ಎದ್ದಿತು. ಘೋಷಣೆಯಾದರೆ ಬಂದೂಕು ಮತ್ತೆ ಠಾಣೆ ಸೇರುತ್ತದೆ, ಹೊರಬರುವಷ್ಟರಲ್ಲಿ ಶೇಂಗಾ ಹಂದಿಗಳ ಹೊಟ್ಟೆ ಸೇರಿರುತ್ತದೆ. ಗಿರಿಜಾ ಮೊದಲು ನಕ್ಕಳು, ಆಮೇಲೆ ಫೋನು ಮಾಡುವುದನ್ನೇ ಕಡಿಮೆ ಮಾಡಿದಳು. ಕೊನೆಗೊಂದು ದಿನ ಫೋನಿನಲ್ಲಿ ಅವಳ ದನಿ ನನ್ನದಕ್ಕಿಂತ ತಗ್ಗಿತ್ತು. “ಬಿಡ್ರಿ ವದಿನಾ. ಅಣ್ಣಗ ಮನಸ್ಸಿಲ್ಲಂದ್ರ ನನಗೂ ಬ್ಯಾಡ. ಒಂದು ಬಂದೂಕಿನ ಸಲುವಾಗಿ ನಾ ತವರುಮನಿ ಕಳಕಳ್ಳಾಕ ತಯಾರಿಲ್ಲ.” ಹಂದಿಗೂ ಪೊಲೀಸರಿಗೂ ಅಂಜದ ಹುಡುಗಿ ಅಳುತ್ತಿದ್ದಳು. ನನಗೆ ಆಗ ಗಾಬರಿಯಾಯಿತು. ಬಂದೂಕು ಎಲ್ಲಿದ್ದರೇನು, ಅಣ್ಣತಂಗಿಯರ ನಡುವೆ ಬಂದು ನಿಂತರೆ ಅದನ್ನು ಯಾವ ಠಾಣೆಯಲ್ಲಿ ಇಡುವುದು?

ಅಂದು ಸಂಜೆ ಯಜಮಾನರಿಗೆ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಮಾಡಿಕೊಟ್ಟೆ. ಮೆಣಸಿನಕಾಯಿ ಖಾರವಾದಾಗ ಹೊಸಪೇಟೆಯ ಗಂಡಸರು ನಿಜ ಹೇಳುತ್ತಾರೆ ಎಂಬುದು ನನ್ನ ಇಷ್ಟು ವರ್ಷಗಳ ಅನುಭವ. ಎರಡನೆಯ ಮಿರ್ಚಿಗೆ ಅವರ ಕಣ್ಣಲ್ಲಿ ನೀರು ಬಂತು.

“ನಿಮಗದು ಬೇಕೇನು?” ಎಂದೆ.

“ನನಗ್ಯಾಕ ಬೇಕು? ನಾ ಏನ್ ಕಾಲುವಿ ನೀರಿಗೆ ಗುಂಡು ಹೊಡೀಲೇನು?”

“ಮತ್ತ ಸಹಿ?”

ಅವರು ತಟ್ಟೆಯಲ್ಲಿನ ಮಂಡಕ್ಕಿಯನ್ನು ಬೆರಳಿಂದ ಆಚೀಚೆ ಸರಿಸಿದರು. “ಸಣ್ಣಾವ್ರಿದ್ದಾಗ ಅಪ್ಪ ಹೊಲಕ್ಕ ಹೊಂಟ್ರ ಗಿರಿಜಾನ್ನ ಕರ್ಕೊಂಡು ಹೋಗ್ತಿದ್ದ. ನಾ ಹೆದರ್ತೀನಿ, ಖರೇ. ಆದ್ರ ನೀ ಬರ್ತೀಯೇನಲೇ ಅಂತ ಒಂದ್ಸಲನಾದ್ರೂ ಕೇಳಬಹುದಿತ್ತಲ್ಲ? ಈಗೂ ನೋಡು. ಬ್ಯಾಡ ಅಂತ ಬರಕೊಡು ಅಂತಾರ. ಬೇಕೇನು ಅಂತ ಯಾರು ಕೇಳ್ಯಾರ? ಕೇಳಲಾರದ್ದಕ್ಕ ಬ್ಯಾಡ ಅಂತ ಹೆಂಗ ಅನ್ನೋದು?”

ನಾನು ಹತ್ತಿರ ಬಂದು ಕುಳಿತೆ. ಅವರ ದನಿ ಅಷ್ಟು ತಗ್ಗಿತ್ತು.

ಮಾರನೆಯ ದಿನ ಮಾವನವರಿಗೆ ಹೇಳಿದೆ, ಒಂದು ಮಾತು ಮಗನನ್ನು ಕೇಳಿಬಿಡಿ ಎಂದು. ಅವರು ನಕ್ಕುಬಿಟ್ಟರು. “ಪಟಾಕಿಗೆ ಹೆದರೋನ್ನ ಬಂದೂಕು ಬೇಕೇನು ಅಂತ ಕೇಳಬೇಕಾ? ಚ್ಯಾಷ್ಟಿ ಮಾಡಿದಂಗ ಆಗಂಗಿಲ್ಲೇನವಾ?” ನಾನು ನಗಲಿಲ್ಲ. ದನಿಯನ್ನು ಇನ್ನೂ ತಗ್ಗಿಸಿ, “ಅವರು ಹೂಂ ಅಂದುಬಿಟ್ಟರೆ ಅಂತ ನಿಮಗೂ ಹೆದರಿಕೆಯಾ ಮಾವಾ?” ಎಂದೆ. ಅವರು ನಗುವುದನ್ನು ನಿಲ್ಲಿಸಿ ಉಡಿದಾರದ ಕೀಲಿಯನ್ನು ಮುಟ್ಟಿಕೊಂಡರು.

ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದಾಗ ಕೇಳಿಯೇಬಿಟ್ಟರು, ತಟ್ಟೆಯ ಕಡೆಗೇ ನೋಡುತ್ತ: “ಲೇ ವೀರೂ. ಬಂದೂಕು ನಿನಗ ಬೇಕೇನಲೇ? ನೀ ಹಿರೇಮಗ. ಬೇಕಂದ್ರ ಹೇಳು, ಗಿರಿಜಾಗ ನಾ ಹೇಳ್ತೀನಿ.”

ಯಜಮಾನರು ರೊಟ್ಟಿಯನ್ನು ಬದನೆಕಾಯಿ ಎಣ್ಣೆಗಾಯಿಗೆ ಅದ್ದಿದರು. ಇನ್ನೊಮ್ಮೆ ಅದ್ದಿದರು. ಇದುವರೆಗೆ ಭಾಳ ಜಾಣೆಯಂತೆ ಬಡಿಸುತ್ತಿದ್ದ ನಾನು ಉಪ್ಪಿನ ಮೇಲೆ ಉಪ್ಪು ಬಡಿಸಿದೆ. ಇವರು ಹೂಂ ಎಂದುಬಿಟ್ಟರೆ? ಗಿರಿಜಾ ಏನಾಗಬೇಕು? ಸಂಧಾನಕ್ಕೆಂದು ಹೋಗಿ ಬಂದೂಕಿನೊಂದಿಗೆ ಇನ್ನರ್ಧ ಆಯುಷ್ಯದ ಸಂಸಾರವನ್ನು ನಾನೇ ಬರೆಸಿಕೊಂಡೆನೇ?

“ಬ್ಯಾಡಪ್ಪ” ಎಂದರು ಕೊನೆಗೆ. “ನಾ ಹೆಂಗಿದ್ರೂ ಕಿವಿ ಮುಚ್ಕೊಳ್ಳಾವ. ಗಿರಿಜಾಗ ಕೊಡು.” ಆಮೇಲೆ ನನ್ನ ಕಡೆ ತಿರುಗಿ, “ಆ ಕಾಗದ ಎಲ್ಲೈತಿ? ಪೆನ್ನು ತಗೊಂಡು ಬಾ” ಎಂದರು. ಕೈ ತೊಳೆಯದೆ ಸಹಿ ಮಾಡಲು ಹೊರಟವರನ್ನು ತಡೆದು ಬಚ್ಚಲಿಗೆ ಕಳಿಸಿದೆ. ಎಣ್ಣೆಗಾಯಿಯ ಹೆಬ್ಬೆಟ್ಟಿದ್ದ ಕಾಗದವನ್ನು ಯಾವ ಕಚೇರಿ ಒಪ್ಪುತ್ತದೆ?

ಚುನಾವಣೆಗಿಂತ ಮೊದಲೇ ಅನುಮತಿಗಳು ಬಂದವು. ಗಿರಿಜಾ ಬಾಡಿಗೆ ಕಾರಿನಲ್ಲಿ ಬಂದಳು. ಕಚೇರಿಯಲ್ಲಿ ಕೊನೆಯದಾಗಿ ಬಂದೂಕಿನ ನಂಬರು ತಾಳೆ ನೋಡಬೇಕಿತ್ತು. ತವರಿನಿಂದ ಹೊರಟದ್ದಲ್ಲವೇ ಎಂದು ನಾನು ಬೆಳಗ್ಗೆಯೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊಳ ಮಲ್ಲಿಗೆ ಸುತ್ತಿ ತಂದಿದ್ದೆ. ನಂಬರು ಸರಿಯಾಗಿ ಅರಿಶಿನದ ಕೆಳಗೇ ಇತ್ತು. ಅಧಿಕಾರಿ ಕನ್ನಡಕ ಏರಿಸಿ, “ಏನಮ್ಮಾ ಇದು, ಬಂದೂಕೋ ಮದುವಣಗಿತ್ತಿಯೋ?” ಎಂದರು. ನನ್ನ ಸೆರಗಿನಿಂದಲೇ ಒರೆಸಿಕೊಟ್ಟೆ. ಆ ಸೀರೆಯ ಕಲೆ ಈಗಲೂ ಹೋಗಿಲ್ಲ.

ಮನೆಯಲ್ಲಿ ನಾನು ಗಿರಿಜಾಳ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಕಣ. ಬಂದೂಕನ್ನು ಭಾಗಭಾಗವಾಗಿ ಬಿಚ್ಚಿಟ್ಟು ಬೀಗ ಹಾಕಿದ್ದ ಪೆಟ್ಟಿಗೆಯನ್ನು ಯಜಮಾನರೇ ಎತ್ತಿ ಕಾರಿನಲ್ಲಿಟ್ಟರು, ಮಲಗಿದ ಕೂಸನ್ನು ಎತ್ತಿದ ಹಾಗೆ, ಮುಖವನ್ನು ಮಾತ್ರ ಪೂರ್ತಿ ಆಚೆ ತಿರುಗಿಸಿ. “ಅಣ್ಣಾ, ಗುಂಡಿಲ್ಲ ಅದರಾಗ” ಎಂದಳು ಗಿರಿಜಾ. “ಗೊತ್ತೈತಿ. ಆದ್ರೂ ಹೇಳಕಾಗಂಗಿಲ್ಲ” ಎಂದರು. ತಂಗಿ ನಕ್ಕು ಕಣ್ಣೊರೆಸಿಕೊಂಡಳು. ಕಾರು ಹೋದ ಮೇಲೆ ಮಾವನವರು ಉಡಿದಾರದಿಂದ ಕೀಲಿ ಬಿಚ್ಚಿ ನನ್ನ ಕೈಗೆ ಹಾಕಿದರು. “ತಗೋವಾ. ಇನ್ನ ಎಲ್ಲಾ ನಿಂದ.”

ನಾನು ಬೀರು ತೆಗೆದೆ, ಯಾರ ಅಪ್ಪಣೆಯೂ ಇಲ್ಲದೆ. ಸೀರೆಗಳ ಹಿಂದೆ ಉದ್ದನೆಯ ಖಾಲಿ ಜಾಗ. ಎಣ್ಣೆಯ ವಾಸನೆ ಇನ್ನೂ ಇತ್ತು. ಇಷ್ಟು ವರ್ಷ ಬೇಕೆಂದಿದ್ದ ಜಾಗ ಸಿಕ್ಕಿತ್ತು, ಆದರೂ ಅಲ್ಲಿ ಒಂದು ಸೀರೆಯನ್ನೂ ಇಡಲು ಮನಸ್ಸಾಗಲಿಲ್ಲ. ಮಗನನ್ನು ಕೇಳಿದರು, ಮಗಳನ್ನು ಕೇಳಿದರು, ಗಡಿಯಾಚೆಯ ನೆರೆಮನೆ ಮುದುಕಿಯನ್ನೂ ಕೇಳಿದರು. ಅದರ ಜೊತೆ ಒಂದೇ ಬೀರುವಿನಲ್ಲಿ ಬಾಳಿದವಳು ನಾನು, ನನ್ನ ಆಕ್ಷೇಪಣೆ ಇದೆಯೇ ಎಂದು ಯಾವ ಕಚೇರಿಯೂ ಕೇಳಲಿಲ್ಲ. ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆ. ಆ ಮಾತು ಬೇರೆ.

ವಾರದ ಮೇಲೆ ಯಜಮಾನರು ತಮ್ಮ ಉದ್ದನೆಯ ಛತ್ರಿಯನ್ನು ಹಿಡಿದುಕೊಂಡು ಬಂದು, ತೆರೆದಿದ್ದ ಬೀರುವಿನಲ್ಲಿ, ಸರಿಯಾಗಿ ಅದೇ ಜಾಗದಲ್ಲಿ ಆನಿಸಿಬಿಟ್ಟರು. “ಖಾಲಿ ಐತೆಲ್ಲ” ಎಂದರು.

“ನನ್ನನ್ನು ಕೇಳದೆ!” ಎಂದೆ ನಾನು.

ಎಂದೆ ಎಂದು ಬರೆದಿದ್ದೇನೆ, ಸಿಸ್ಟರ್ ಕ್ಷಮಿಸಲಿ. ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಯ ಮುಚ್ಚಳ ಉರುಳಿ ಬಿತ್ತು. ಯಜಮಾನರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಮಾವನವರು ಪೇಪರು ಮಡಚುವ ಸದ್ದು ಕೇಳಿಸಿತು.

“ಲೇ ವೀರೂ, ಒಂದು ಹೋತು ಅಂತ ಮಾಡಿದ್ದೆ, ಮನ್ಯಾಗ ಇನ್ನೊಂದು ಐತೇನಲೇ?” ಎಂದರು ಅವರು. “ಇದರ ಲೈಸೆನ್ಸು ಯಾರ ಹೆಸರಿಲೆ ಐತಿ?”